ಅನು ಕೈ ಹಿಡಿದ ಮೇಲೆ ಆರ್ಯವರ್ಧನ್ ಖುಷಿಯಾಗಿದ್ದನಾ?

ಓದುಗರ ಪ್ರಶ್ನೆ: "ಜೊತೆ ಜೊತೆಯಲಿ ಧಾರಾವಾಹಿನ ಈಗ ಮೊಬೈಲ್‌ನಲ್ಲಿ ಮೊದಲಿಂದ ನೋಡ್ತಾ ಇದ್ದೀನಿ. ಆರ್ಯವರ್ಧನ್‌ಗೆ ಮೊದಲೇ ಒಂದು ಮದುವೆ ಆಗಿತ್ತು. ದುಡ್ಡಿಗೇನು ಕಮ್ಮಿ ಇಲ್ಲ, ವಯಸ್ಸೂ ಆಗಿದೆ. ಇಪ್ಪತ್ತರ ಹುಡುಗಿ ಅನುನ ಮದುವೆ ಆದ ಮೇಲೆ ಅವನು ನಿಜವಾಗ್ಲೂ ಖುಷಿಯಾಗಿದ್ನಾ? ನಮ್ಮ ಗಂಗಾವತಿ ಓಣಿಯಲ್ಲಿ ಇದೇ ಜಗಳ."

ಖುಷಿಯಾಗಿದ್ದ. ಅದು ಬರೀ ನಾಟಕ ಅಂತ ನನಗನ್ನಿಸಲ್ಲ. ಆದರೆ ಇವತ್ತೋ ನಾಳೆಯೋ ಸಿಕ್ಕಿಬೀಳ್ತೀನಿ ಅನ್ನುವ ಭಯ ಇಟ್ಟುಕೊಂಡೇ ಖುಷಿಯಾಗಿದ್ದ. ನಿಮ್ಮ ಓಣಿಯ ಎರಡೂ ಕಡೆಯವರು ಅರ್ಧ ಅರ್ಧ ಗೆದ್ದ ಹಾಗೆ.

ಮರೆತವರಿಗೆ ಒಂದು ಮಾತು. ಜೀ ಕನ್ನಡದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಶುರುವಾದ ಧಾರಾವಾಹಿ ಇದು. ಮರಾಠಿಯ 'ತುಲಾ ಪಾಹತೇ ರೇ' ಕತೆಯನ್ನು ಆರೂರು ಜಗದೀಶ್ ಕನ್ನಡಕ್ಕೆ ತಂದರು. ಆರ್ಯವರ್ಧನ್ 45ರ ಉದ್ಯಮಿ, ಅನು ಸಿರಿಮನೆ 20ರ ಮಧ್ಯಮ ವರ್ಗದ ಹುಡುಗಿ. ಅನಿರುದ್ಧ್ ಮತ್ತು ಮೇಘಾ ಶೆಟ್ಟಿ ಜೋಡಿ. ರಾತ್ರಿ ಎಂಟೂವರೆಗೆ ನಮ್ಮ ಕಡೆ ರೊಟ್ಟಿ ತಟ್ಟುವ ಸದ್ದು ಆ ಹಾಡು ಬಂದಾಗ ನಿಲ್ಲುತ್ತಿತ್ತು. ಕತೆ ಬೆಂಗಳೂರಿನದ್ದು. ಆದರೂ ಬಳ್ಳಾರಿ, ಕೊಪ್ಪಳ, ರಾಯಚೂರಿನ ಮನೆಗಳಲ್ಲಿ ಆರ್ಯ ಸರ್ ಅಂದರೆ ಮನೆ ಅಳಿಯ ಇದ್ದ ಹಾಗೆ.

ವಯಸ್ಸಿನ ವಿಷಯ ಬೇಗ ಮುಗಿಸಿಬಿಡೋಣ, ಅಲ್ಲಿ ಹೇಳೋದು ಜಾಸ್ತಿ ಇಲ್ಲ. ಬಳ್ಳಾರಿ ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಯುವ ಒಂದು ಘಟಕಕ್ಕೆ ಹೋಗಿದ್ದೆ. ದಾರದ ಉಂಡೆಗೆ ಮೊಬೈಲ್ ಒರಗಿಸಿಟ್ಟುಕೊಂಡು ಒಬ್ಬ ಅಕ್ಕ ಇದೇ ಧಾರಾವಾಹಿಯ ತುಣುಕು ನೋಡುತ್ತಿದ್ದರು. ಕಣ್ಣು ಸೂಜಿ ಮೇಲೆ, ಕಿವಿ ಮೊಬೈಲ್ ಮೇಲೆ. ಪಕ್ಕದ ಹುಡುಗಿ ಆರ್ಯನನ್ನು "ಮುದುಕ" ಅಂದಳು. ಅಕ್ಕ ಮಷಿನ್ ನಿಲ್ಲಿಸಿದರು. "ನಲವತ್ತೈದಕ್ಕ ಮುದುಕ ಅಂದ್ರ, ನಮ್ಮನ್ಯಾಗ ಇರೋವ್ರಿಗೆ ಏನಂತೀಯವಾ?" ಅಂದು ಮತ್ತೆ ಹೊಲಿಯಲು ಶುರು ಮಾಡಿದರು. ವಯಸ್ಸು ಈ ಕತೆಯಲ್ಲಿ ಊರವರ ತಲೆನೋವು. ಅನುವಿನ ಅಪ್ಪ ಸುಬ್ಬುಗೆ ತಲೆನೋವು. ಆರ್ಯನಿಗೆ ಅದರ ಚಿಂತೆ ಇದ್ದದ್ದು ಮದುವೆಗೆ ಮುಂಚೆ. ಆಮೇಲೆ ಅದಕ್ಕಿಂತ ದೊಡ್ಡ ಚಿಂತೆ ಬಂತು.

ಆ ಚಿಂತೆಯ ಹೆಸರು ರಾಜನಂದಿನಿ, ಅವನ ಮೊದಲ ಹೆಂಡತಿ. (ಧಾರಾವಾಹಿನ ಇನ್ನೂ ಅರ್ಧ ಮಾತ್ರ ನೋಡಿರುವವರು ಮುಂದಿನದ್ದನ್ನು ಆಮೇಲೆ ಓದಿ.) ಆರ್ಯವರ್ಧನ್ ಅನ್ನೋದು ಅವನ ಹುಟ್ಟು ಹೆಸರೇ ಅಲ್ಲ, ಅವನು ಸುಭಾಷ್ ಪಾಟೀಲ್. ಆ ಕಂಪನಿ, ಆ ಗತ್ತು, ಆ ಕಾರು ಎಲ್ಲದರ ಹಿಂದೆ ಮೊದಲ ಹೆಂಡತಿಯ ಮನೆತನದ ಆಸ್ತಿ ಇದೆ. ಅಂದರೆ ನಾವು ಸಾಹುಕಾರ ಅಂತ ನೋಡುವ ಮನುಷ್ಯ ತನ್ನ ಸಾಹುಕಾರಿಕೆಯನ್ನೇ ಕಂಡು ಹೆದರುತ್ತಾನೆ. ಅನು ಒಂದು ಹಳೇ ಫೋಟೋ ಬಗ್ಗೆ ಕೇಳಿದರೂ ಅವನಿಗೆ ಎದೆ ಝಲ್ ಅನ್ನಬೇಕು. ಹೆಂಡತಿ ಪ್ರಶ್ನೆ ಕೇಳಿದರೆ ಬೆವರುವ ಗಂಡ ಎಷ್ಟು ಖುಷಿಯಾಗಿರಬಹುದು, ನೀವೇ ಹೇಳಿ.

ಇಲ್ಲಿ ನನಗೆ ಹಿಡಿಸಿದ್ದು ಝೇಂಡೆ. ಆರ್ಯನ ಗೆಳೆಯ, ಎಲ್ಲಾ ಗೊತ್ತಿರುವವನು. ಮದುವೆಯಾದ ಮೇಲೆ ಆರ್ಯ ಭುಜ ಇಳಿಸಿ, ಉಸಿರು ಬಿಟ್ಟು ಮಾತಾಡೋದು ಯಾರ ಹತ್ತಿರ ಅಂತ ಗಮನಿಸಿ. ಅನು ಹತ್ತಿರ ಅವನು ಪ್ರೀತಿಯಿಂದ ಮಾತಾಡ್ತಾನೆ, ನಗ್ತಾನೆ, ಆದರೆ ಅಳೆದೂ ತೂಗಿ. ಝೇಂಡೆ ಹತ್ತಿರ ಅಳತೆ ಇಲ್ಲ. ಮನೆಯಲ್ಲಿ ಹೆಂಡತಿಗಿಂತ ಗೆಳೆಯನ ಮುಂದೆ ಹಗುರವಾಗಿರುವ ಗಂಡನ ಬಗ್ಗೆ ನಮ್ಮೂರ ಹೆಂಗಸರು ಏನು ಹೇಳ್ತಾರೆ ಅನ್ನೋದು ನಿಮಗೆ ಗೊತ್ತೇ ಇದೆ.

ಇನ್ನೊಂದು ಗಂಟು ಇದೆ. ಅನು ರಾಜನಂದಿನಿಯ ಮರುಜನ್ಮ ಅಂತ ಕತೆ ಹೇಳುತ್ತದೆ. ಹಾಗೆ ಲೆಕ್ಕ ಹಾಕಿದರೆ ಆರ್ಯ ಎರಡನೇ ಮದುವೆ ಆಗಲೇ ಇಲ್ಲ. ಅದೇ ಹೆಂಗಸಿಗೆ ಎರಡು ಸಲ ತಾಳಿ ಕಟ್ಟಿದ, ಅಷ್ಟೇ! ಮೊದಲ ಸಲ ಆಸ್ತಿ ನೋಡಿ ಕಟ್ಟಿದ. ಎರಡನೇ ಸಲ ಮನಸ್ಸು ಕೊಟ್ಟು ಕಟ್ಟಿದ ಅಂತ ನಾನು ನಂಬ್ತೀನಿ. ಅವಳಿಗೆ ಹಳೆಯದೆಲ್ಲ ನೆನಪಾಗುವ ಹೊತ್ತಿಗೆ ಆ ಮನಸ್ಸಿಗೆ ಬೆಲೆ ಇರಲಿಲ್ಲ, ಅದು ಬೇರೆ ಮಾತು.

ಇದನ್ನು 2021ರಲ್ಲಿ ಬಂದ 'ಹಿಟ್ಲರ್ ಕಲ್ಯಾಣ' ಧಾರಾವಾಹಿಯ ನಾಯಕ ಎಜೆ ಪಕ್ಕದಲ್ಲಿಟ್ಟು ನೋಡಿ. ಅವನೂ ಸಾಹುಕಾರ, ಅವನಿಗೂ ವಯಸ್ಸಾಗಿದೆ, ಮನೆ ತುಂಬ ಮೂವರು ಸೊಸೆಯಂದಿರು. ಅವರ ಮಧ್ಯೆ ಅತ್ತೆಯಾಗಿ ಬಂದವಳು ಎಡವಟ್ಟು ಲೀಲಾ, ಚಿಕ್ಕ ಹುಡುಗಿ. ಎಜೆ ಮುಖದಲ್ಲಿ ನಗು ಕಾಣೋದೇ ಅಪರೂಪ, ಮನೆಯಲ್ಲಿ ದಿನಾ ಒಂದು ರಾದ್ಧಾಂತ. ಆದರೂ ನನ್ನ ಕಣ್ಣಿಗೆ ಎಜೆ ಆರ್ಯನಿಗಿಂತ ಸುಖಿ. ಯಾಕಂದ್ರೆ ಅವನಿಗೆ ಮೊದಲೊಬ್ಬ ಹೆಂಡತಿ ಇದ್ದಳು ಅನ್ನೋದು ಲೀಲಾಗೂ ಗೊತ್ತು, ಊರಿಗೂ ಗೊತ್ತು. ಜಗಳ ಏನಿದ್ದರೂ ಪಡಸಾಲೆಯಲ್ಲೇ ನಡೆಯುತ್ತದೆ. ಮುಂದೆ ಮೊದಲ ಹೆಂಡತಿ ಅಂತರಾ ಕತೆಯೊಳಗೆ ಮತ್ತೆ ಬಂದಳು ಅನ್ನಿ, ಅಲ್ಲಿಂದ ಅವನ ಗ್ರಹಚಾರವೂ ಕೆಟ್ಟಿತು.

ನಮ್ಮ ಕಡೆಯವರಿಗೆ ಖುಷಿಗಿಂತ ಮೊದಲು ಬರುವ ಪ್ರಶ್ನೆ ಆಸ್ತಿದು. ಗಂಗಾವತಿಯಲ್ಲಿ ಭತ್ತದ ಗಿರಣಿ ಇರುವ ಮನೆಯಲ್ಲಿ ಇಂಥ ಮದುವೆ ನಡೆದರೆ, ವಗ್ಗರಣಿ-ಮಿರ್ಚಿ ತಿನ್ನುತ್ತಾ ಜನ ಮಾತಾಡೋದು ಪಾಲಿನ ಬಗ್ಗೆ. ಹಾಗಾಗಿ ಅದನ್ನೂ ಹೇಳಿಬಿಡ್ತೀನಿ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಆದ ಎರಡನೇ ಮದುವೆಗೆ ಕಾನೂನಿನ ಅಡ್ಡಿ ಇಲ್ಲ. ಗಂಡ ಉಯಿಲು ಬರೆಯದೆ ಹೋದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅವನ ಸ್ವಂತ ಆಸ್ತಿಯಲ್ಲಿ ಎರಡನೇ ಹೆಂಡತಿಗೂ, ಮೊದಲ ಹೆಂಡತಿಯ ಮಕ್ಕಳಿಗೂ, ಅವನ ತಾಯಿ ಇದ್ದರೆ ತಾಯಿಗೂ ಸಮಪಾಲು. ಮೊದಲ ಹೆಂಡತಿ ಬದುಕಿದ್ದು ವಿಚ್ಛೇದನ ಆಗಿಲ್ಲ ಅಂದರೆ ಕತೆಯೇ ಬೇರೆ. 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಆ ಎರಡನೇ ಮದುವೆ ಮದುವೆಯೇ ಅಲ್ಲ. ಅಂತರಾ ವಾಪಸ್ ಬರೋದು ಧಾರಾವಾಹಿಯಲ್ಲಿ ಕಣ್ಣೀರಿನ ವಿಷಯ, ಕೋರ್ಟಿನಲ್ಲಿ ಲೀಲಾಳ ತಾಳಿಯ ವಿಷಯ. ಅಂಥ ಮದುವೆಯಲ್ಲಿ ಹುಟ್ಟಿದ ಮಕ್ಕಳನ್ನು ಮಾತ್ರ ಕಾನೂನು ಕೈಬಿಡಲ್ಲ. ತಂದೆಯ ಪಾಲಿಗೆ ಬರುವ ಪಿತ್ರಾರ್ಜಿತ ಆಸ್ತಿಯಲ್ಲೂ ಅವರಿಗೆ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಅದು ನಮ್ಮ ಕರ್ನಾಟಕದಿಂದಲೇ ಹೋಗಿದ್ದ ಕೇಸು.

ಅನು ವಿಷಯಕ್ಕೆ ಬಂದರೆ, ಮುಖ್ಯವಾದ ಸಂಗತಿ ಮುಚ್ಚಿಟ್ಟು ಮೋಸದಿಂದ ಒಪ್ಪಿಗೆ ಪಡೆದ ಮದುವೆಯನ್ನು ರದ್ದು ಮಾಡಿ ಅಂತ ಕೇಳಲು ಅದೇ 1955ರ ಕಾಯ್ದೆಯಲ್ಲಿ ಅವಕಾಶ ಇದೆ. ಮೋಸ ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಅನು ವಕೀಲರ ಹತ್ತಿರ ಹೋಗಿದ್ದರೆ ಕತೆ ಬೇಗ ಮುಗಿಯುತ್ತಿತ್ತು. ಅದಕ್ಕೇ ಹೋಗಲಿಲ್ಲ.

ಇದು ತಮಾಷೆಗೆ ಹೇಳಿದ ಮಾತಲ್ಲ. ವಾರಕ್ಕೆ ಐದಾರು ದಿನ ಕತೆ ಓಡಬೇಕು, ಗುರುವಾರ ಬಂತು ಅಂದರೆ ಟಿಆರ್‌ಪಿ ಕೈಗೆ ಬರುತ್ತದೆ. ಮದುವೆಯ ವಾರ ಜನ ಮುಗಿಬಿದ್ದು ನೋಡ್ತಾರೆ. ಆಮೇಲೆ ಗಂಡ ಹೆಂಡತಿ ಸುಮ್ನೆ ಕಾಫಿ ಕುಡಿದುಕೊಂಡು ಚೆನ್ನಾಗಿದ್ದರೆ ಯಾರು ನೋಡ್ತಾರೆ? ಹಾಗಾಗಿ ಧಾರಾವಾಹಿಯ ಸಾಹುಕಾರನಿಗೆ ಖುಷಿಯನ್ನು ತುತ್ತು ತುತ್ತಾಗಿ ಕೊಡ್ತಾರೆ. ಒಂದು ಹಬ್ಬ, ಒಂದು ಹುಟ್ಟುಹಬ್ಬ, ಒಂದು ಮಳೆ. ಹಿಂದೆಯೇ ಬಾಗಿಲು ತಟ್ಟುವ ಸದ್ದು. ಆರ್ಯನ ಪಾಲಿಗೆ ಬಂದದ್ದೂ ಅಷ್ಟೇ. ಆ ತುತ್ತುಗಳು ಸುಳ್ಳಲ್ಲ. ಅನಿರುದ್ಧ್ ಅವರ ಮುಖ ನೋಡಿದರೆ ಗೊತ್ತಾಗುತ್ತೆ. ಅನುವಿನ ತವರಿನ ವಠಾರಕ್ಕೆ ಬಂದಾಗಲೆಲ್ಲ ಆ ಮುಖದಲ್ಲಿ ಹತ್ತು ವರ್ಷ ಕಮ್ಮಿಯಾಗುತ್ತಿತ್ತು.

ಒಂದು ಎಚ್ಚರಿಕೆ. ನಿಮ್ಮ ಓಣಿಯ ಜಗಳ ಮುಂದುವರಿಯೋದಾದರೆ, ಯಾವ ಆರ್ಯನ ಬಗ್ಗೆ ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ. 2022ರ ಆಗಸ್ಟ್‌ನಲ್ಲಿ ಅನಿರುದ್ಧ್ ಧಾರಾವಾಹಿಯಿಂದ ಹೊರಬಂದರು, ಹರೀಶ್ ರಾಜ್ ಬಂದರು. ಕತೆಯಲ್ಲಿ ಅಪಘಾತ, ಬೇರೆ ಮುಖ, ಮರೆತ ನೆನಪು, ಸಂಜು ಅನ್ನುವ ಹೊಸ ಹೆಸರು. ಹೆಂಡತಿ ಎದುರಿಗೇ ಇದ್ದರೂ ಗುರುತು ಸಿಗದ ಮನುಷ್ಯ ಅವನು. ಅವನು ಖುಷಿಯಾಗಿದ್ದಾನಾ ಅಂತ ಕೇಳೋದಕ್ಕಿಂತ, ಅನು ಹೇಗೆ ತಡೆದುಕೊಂಡಳು ಅಂತ ಕೇಳಿ. ನಾನಂತೂ ಆ ಭಾಗದಲ್ಲಿ ಅವಳ ಪರ.