ಮಿರಗದ ಮಳೆಗೆ ತೆರೆಯುವ ಮನೆಶಾಲೆ

ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಎರಡು ದಿನಕ್ಕೆ ನಮ್ಮ ಕಲಬುರಗಿ ಸೀಮೆಯ ಎಷ್ಟೋ ಮನೆಗಳ ಕಟ್ಟೆಯ ಮೇಲೆ ಬೆನ್ನು ಬಿರಿದ, ಕೋಡು ಉದುರಿದ ಎತ್ತುಗಳು ನಿಂತಿರುತ್ತವೆ. ಮನೆಯಲ್ಲೇ ಪಾಠ ಕಲಿಸುವ ಪಾಲಕರು ಅವನ್ನು ಎತ್ತಿ ಹೊರಗೆ ಹಾಕುವ ಮುಂಚೆ ಮಗುವನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಬೇಕು: ಎತ್ತು ಯಾಕೆ ಬಿರಿಯಿತು? ಒಂದು ವಾರದ ವಿಜ್ಞಾನ, ಲೆಕ್ಕ, ಬರಹ ಮೂರೂ ಆ ಪ್ರಶ್ನೆಯಲ್ಲಿ ಇವೆ.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದೂ ಎತ್ತಿನ ಬೆನ್ನು ಬಿರಿಯುವುದೂ ಇದೇ ಕಾರಣಕ್ಕೆ. ಮಗುವಿಗೆ ಇದನ್ನು ಹೇಳಿಬಿಡಬೇಡಿ, ಅಳೆಯಲು ಕೊಡಿ. ಮೂರು ಪಟ್ಟಿ ಮಾಡಿಸಿ: ಒಂದು ಬರೀ ಎರೆ ಮಣ್ಣಿನದು, ಇನ್ನೊಂದು ಮೂರು ಬಟ್ಟಲು ಮಣ್ಣಿಗೆ ಒಂದು ಬಟ್ಟಲು ಉಸುಕು ಬೆರೆಸಿದ್ದು, ಮತ್ತೊಂದು ಅಷ್ಟೇ ಮಣ್ಣಿಗೆ ಒಂದು ಬಟ್ಟಲು ಸಣ್ಣಗೆ ಪುಡಿ ಮಾಡಿದ ಹೊಟ್ಟು ಬೆರೆಸಿದ್ದು. ಪ್ರತಿಯೊಂದೂ ಸರಿಯಾಗಿ 10 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ, 1 ಸೆಂ.ಮೀ. ದಪ್ಪ ಇರಲಿ. ಉದ್ದ 10 ಸೆಂ.ಮೀ. ಇದ್ದರೆ ಕುಗ್ಗಿದ ಒಂದೊಂದು ಮಿಲಿಮೀಟರೂ ನೂರಕ್ಕೆ ಒಂದು ಆಗುತ್ತದೆ. ಶೇಕಡಾ ಲೆಕ್ಕ ಇನ್ನೂ ಬಾರದ ಮಗುವಿಗೂ ಹೀಗೆ ಅದರ ಅರ್ಥ ಕೈಗೆ ಸಿಗುತ್ತದೆ.

ಪಟ್ಟಿಯನ್ನು ಬರಿ ಫರ್ಸಿಯ ಮೇಲೆ ಒಣಗಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಮಣ್ಣು ಕಲ್ಲಿಗೆ ಅಂಟಿ, ಕುಗ್ಗಲು ಬಿಡುವಿಲ್ಲದೆ ನಡುವೆ ಬಿರಿಯುತ್ತದೆ, ಅಳತೆ ಕೆಡುತ್ತದೆ. ಕೆಳಗೆ ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆ ಹಾಸಿ ನೆರಳಲ್ಲಿಡಿ. ಬಿಸಿಲಿಗಿಟ್ಟರೆ ಮೇಲ್ಮೈ ಬೇಗ ಒಣಗಿ ಒಳಗೆ ಹಸಿ ಉಳಿಯುವುದರಿಂದ ಬಿರುಕು ಹೆಚ್ಚು. ನಾಲ್ಕೈದು ದಿನ ಒಂದೇ ಹೊತ್ತಿಗೆ ಅಳೆದು ಬರೆಸಿ. ಬರೀ ಎರೆ ಮಣ್ಣಿನ ಪಟ್ಟಿ ಎಲ್ಲಕ್ಕಿಂತ ಹೆಚ್ಚು ಕುಗ್ಗುವುದನ್ನು ಮಗುವೇ ಕಂಡುಕೊಳ್ಳುತ್ತದೆ. ಮುಂದಿನ ವರ್ಷದ ಎತ್ತಿಗೆ ಉಸುಕು ಎಷ್ಟು ಹಾಕಬೇಕೆಂದೂ ಅದೇ ಹೇಳುತ್ತದೆ.

ಋತುವಿನ ಜೊತೆ ಕಲಿಯುವುದೆಂದರೆ ಹಬ್ಬಕ್ಕೊಂದು ಕರಕುಶಲ ಮಾಡಿ ಫೋಟೊ ತೆಗೆಯುವುದು ಎಂಬ ತಿಳಿವಳಿಕೆ ಹರಡಿದೆ. ಚಂದದ ವಸ್ತು ಉಳಿಯುತ್ತದೆ, ಆದರೆ ಕಲಿತದ್ದು ಉಳಿಯುವುದಿಲ್ಲ. ನಮ್ಮ ಸಲಹೆ ಇಷ್ಟೇ: ಯಾವ ಚಟುವಟಿಕೆಯೇ ಇರಲಿ, ಮುಗಿಯುವ ಹೊತ್ತಿಗೆ ಮಗು ತಾನೇ ಅಳೆದ ಒಂದು ಸಂಖ್ಯೆ, ತಾನೇ ಬರೆದ ಒಂದು ವಾಕ್ಯ ವಹಿಯಲ್ಲಿ ಇರಬೇಕು. ಆರು ವರ್ಷದ ಮಗುವಿಗೆ ಒಂದೇ ವಾಕ್ಯ ಸಾಕು. ಹತ್ತು ವರ್ಷದವರು ಯಾಕೆ ಎಂಬುದನ್ನೂ ಸೇರಿಸಿ ಐದಾರು ಸಾಲು ಬರೆಯಲಿ.

ಮನೆಶಾಲೆಯ ವರ್ಷವನ್ನು ಮಿರಗದಿಂದ, ಅಂದರೆ ಜೂನ್ ಎರಡನೇ ವಾರದ ಮೃಗಶಿರಾ ಮಳೆಯಿಂದ ಶುರು ಮಾಡಿ. ಮೊದಲ ಸಾಧನ ಮಳೆಮಾಪಕ. 10 ಸೆಂ.ಮೀ. ಬಾಯಿಯ ಆಲಿಕೆ, ಅದು ಕೂರುವ ಒಂದು ಬಾಟಲಿ, ಕೆಮ್ಮಿನ ಔಷಧದ ಜೊತೆ ಬರುವ ಎಂ.ಎಲ್. ಗೆರೆಯ ಮುಚ್ಚಳ ಇದ್ದರೆ ಆಯಿತು. ಆಲಿಕೆಯ ಬಾಯಿಯ ಕ್ಷೇತ್ರಫಲ 3.14 × 5 × 5, ಅಂದರೆ 78.5 ಚದರ ಸೆಂ.ಮೀ. ಒಂದು ಮಿ.ಮೀ. ಮಳೆ ಬಿದ್ದರೆ ಬಾಟಲಿಯಲ್ಲಿ 7.85 ಎಂ.ಎಲ್. ಸೇರುತ್ತದೆ. ಚಿಕ್ಕವರು ಎಂಟು ಎಂ.ಎಲ್.ಗೆ ಒಂದು ಮಿ.ಮೀ. ಎಂದು ಎಣಿಸಲಿ, ದೊಡ್ಡವರು ಭಾಗಿಸಲಿ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ನೀವೂ ಅದೇ ಹೊತ್ತು ಇಟ್ಟುಕೊಂಡರೆ ಮರುದಿನದ ಪತ್ರಿಕೆಯ ಅಂಕಿಯೊಂದಿಗೆ ಹೋಲಿಸಬಹುದು. ಎರಡೂ ಒಂದೇ ಆಗದಿದ್ದರೆ ಗಾಬರಿಯಾಗಬೇಡಿ. ಈ ಓಣಿಗೆ ಸುರಿದ ಮಳೆ ಆ ಓಣಿಗೆ ಹನಿಯದಿರುವುದು ನಮ್ಮಲ್ಲಿ ಹೊಸದಲ್ಲ. ಆದರೆ ಮಾಪಕವನ್ನು ಗೋಡೆಯ ಮಗ್ಗುಲಲ್ಲೋ ಮರದ ಕೆಳಗೋ ಇಟ್ಟಿದ್ದರೆ ಅಂಕಿ ಸುಳ್ಳಾಗುತ್ತದೆ. ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದಲ್ಲಿ, ಕೆಸರು ಸಿಡಿಯದಂತೆ ನೆಲದಿಂದ ಒಂದು ಅಡಿ ಮೇಲಿಡಿ. ಅಂಗಳವಿಲ್ಲದ ಮನೆಯವರು ಮಾಳಿಗೆಯಲ್ಲಿ ನೀರಿನ ಟಾಕಿಯಿಂದ ದೂರ ಇಡಲಿ.

ದಿನದ ಅಂಕಿಯನ್ನು ತಿಂಗಳ ಬದಲು ಮಳೆ ನಕ್ಷತ್ರದ ಕೆಳಗೆ ಕೂಡಿಸಿ: ಮಿರಗ, ಆರಿದ್ರಾ, ಪುನರ್ವಸು, ಪುಷ್ಯ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಈ ಪಟ್ಟಿ ಇದ್ದರೆ ಅಜ್ಜ ಅಜ್ಜಿಯೂ ಪಾಠಕ್ಕೆ ಬಂದು ಕೂರುತ್ತಾರೆ. ‘ರೋಹಿಣಿ ಮಳೆಯಾದರೆ ಓಣಿಯೆಲ್ಲಾ ಜೋಳ’ ಎಂಬ ಗಾದೆಯನ್ನು ಮಗು ತನ್ನ ಅಂಕಿಯ ಎದುರಿಗಿಟ್ಟು ನೋಡುತ್ತದೆ.

ಜೂನ್ ಕೊನೆಗೆ ತೊಗರಿ ಬಿತ್ತಿಸಿ, ಆದರೆ ತೊಗರಿಯೊಂದನ್ನೇ ಅಲ್ಲ. ತೊಗರಿ ಮೊದಲ ತಿಂಗಳು ಬಹಳ ನಿಧಾನ ಬೆಳೆಯುತ್ತದೆ, ಕೊಯ್ಲಿಗೆ ಬರುವುದು ಡಿಸೆಂಬರ್–ಜನವರಿಗೆ. ವಾರವಾರ ಅಳೆಯುವ ಮಗುವಿಗೆ ಬೇಸರ ಬಂದು ಆಗಸ್ಟಿನಲ್ಲೇ ವಹಿ ನಿಂತುಹೋಗುತ್ತದೆ. ರೈತರು ಮಾಡುವಂತೆ ಜೊತೆಗೆ ಹೆಸರು ಹಾಕಿಸಿ, ಅದು ಅರವತ್ತೆಪ್ಪತ್ತು ದಿನಕ್ಕೆ ಕಾಯಿ ಕೊಡುತ್ತದೆ. ಕುಂಡವಾದರೆ ಒಂದೂವರೆ ಅಡಿಯಾದರೂ ಆಳವಿರಲಿ, ತೊಗರಿಯ ತಾಯಿಬೇರು ಕೆಳಗಿಳಿಯುತ್ತದೆ. ಬಿತ್ತುವ ಆಳ ಸುಮಾರು 5 ಸೆಂ.ಮೀ. ಹತ್ತು ಕಾಳು ಹಾಕಿ, ಎಷ್ಟು ಮೊಳೆತವು ಎಂಬುದನ್ನು ಬರೆಸಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತೆಂಬುದನ್ನು ಕಾಯಿ ಕೈಗೆ ಬಂದಾಗ ಹೇಳಿ. ಬರಿಗೈಯಲ್ಲಿ ಕೇಳಿದರೆ ಅದು ಪರೀಕ್ಷೆಯ ಉತ್ತರವಷ್ಟೇ.

ಪಂಚಮಿಗೆ ಜೋಕಾಲಿ ಕಟ್ಟುತ್ತೇವೆ. ದಪ್ಪ ಮಗು ಕೂತರೆ ಜೋಕಾಲಿ ನಿಧಾನ ಆಡುತ್ತದೆಯೇ ಎಂದು ಕೇಳಿ, ಹೆಚ್ಚಿನ ಮಕ್ಕಳು ಹೌದೆನ್ನುತ್ತಾರೆ. ದಾರಕ್ಕೆ ಕಲ್ಲು ಕಟ್ಟಿ ಮೊಳೆಗೆ ತೂಗುಬಿಡಿ. ಮೊಳೆಯಿಂದ ಕಲ್ಲಿನ ನಡುವಿನವರೆಗೆ 100 ಸೆಂ.ಮೀ. ಇದ್ದರೆ ಹತ್ತು ಸಲ ಹೋಗಿ ಬರಲು ಸುಮಾರು 20 ಸೆಕೆಂಡು, 25 ಸೆಂ.ಮೀ. ಇದ್ದರೆ ಹತ್ತು ಸೆಕೆಂಡು. ಕಲ್ಲು ಬದಲಿಸಿದರೂ ಹೊತ್ತು ಬದಲಾಗುವುದಿಲ್ಲ. ಲೆಕ್ಕ ತಪ್ಪುವುದು ಎರಡು ಕಡೆ. ಕೈ ಬಿಟ್ಟ ಕೂಡಲೇ ಮಗು ‘ಒಂದು’ ಎನ್ನುತ್ತದೆ, ಅಲ್ಲಿ ಎನ್ನಬೇಕಾದ್ದು ‘ಸೊನ್ನೆ’. ಇಲ್ಲವಾದರೆ ಹತ್ತರ ಬದಲು ಒಂಬತ್ತೇ ಆಗಿರುತ್ತದೆ. ಎರಡನೆಯದು, ದಾರವನ್ನು ಗಂಟಿನವರೆಗೆ ಮಾತ್ರ ಅಳೆಯುವುದು. ಜೋರಾಗಿ ಬೀಸಿ ಬಿಡುವುದೂ ಬೇಡ, ಒಂದು ಗೇಣು ಎಳೆದು ಬಿಟ್ಟರೆ ಸಾಕು.

ಮಳೆಯ ಮಧ್ಯಾಹ್ನಗಳಿಗೂ ಬೇಸಿಗೆಯ ಮಧ್ಯಾಹ್ನಗಳಿಗೂ ಚೌಕಾಬಾರಕ್ಕಿಂತ ಒಳ್ಳೆಯ ಲೆಕ್ಕದ ಪುಸ್ತಕ ಇಲ್ಲ. ಫರ್ಸಿಯ ಮೇಲೆ ಬಳಪದಿಂದ ಐದಕ್ಕೈದರ ಮನೆ ಬರೆಯಿರಿ: ಹೊರ ಸುತ್ತಿಗೆ 16, ಒಳ ಸುತ್ತಿಗೆ 8, ನಡುವೆ 1. ನಾಲ್ಕು ಕವಡಿಯಲ್ಲಿ ಎಷ್ಟು ಬಾಯಿ ಮೇಲಾಗಿ ಬಿದ್ದವೋ ಅಷ್ಟು ಗರ, ಎಲ್ಲವೂ ಬೋರಲಾದರೆ ಎಂಟು. ಒಂಬತ್ತು ದಾಟಿದ ಮಕ್ಕಳಿಗೆ ಹೀಗೆ ಕೇಳಿ: ಎರಡು ಯಾಕೆ ಪದೇ ಪದೇ ಬೀಳುತ್ತದೆ? ನಾಲ್ಕು ಕವಡಿ ಬೀಳುವ ಬಗೆ ಒಟ್ಟು 16. ಅದರಲ್ಲಿ ಒಂದಕ್ಕೆ 4 ದಾರಿ, ಎರಡಕ್ಕೆ 6, ಮೂರಕ್ಕೆ 4, ನಾಲ್ಕಕ್ಕೆ ಒಂದೇ, ಎಂಟಕ್ಕೂ ಒಂದೇ. ನೂರು ಸಲ ಒಗೆದು ಗೆರೆ ಹಾಕಿಸಿ. ಕವಡಿಯ ಎರಡು ಮಗ್ಗುಲು ಸಮವಲ್ಲದ್ದರಿಂದ ಅಂಕಿ ಈ ಲೆಕ್ಕಕ್ಕೆ ಸರಿಯಾಗಿ ಕೂರುವುದಿಲ್ಲ. ಒಂದು ಮಗ್ಗುಲು ತೇಯ್ದ ಹುಣಸೆ ಬೀಜದಿಂದ ಮತ್ತೆ ನೂರು ಸಲ ಒಗೆಸಿ, ಎರಡೂ ಪಟ್ಟಿ ಪಕ್ಕದಲ್ಲಿಡಿ. ಯಾವುದು ಲೆಕ್ಕಕ್ಕೆ ಹತ್ತಿರ ಬಂತೆಂದು ಮಕ್ಕಳು ತಾವೇ ವಾದಿಸತೊಡಗುತ್ತಾರೆ, ಆ ವಾದಕ್ಕೆ ಅಡ್ಡ ಹೋಗಬೇಡಿ.

ಓದಿನಲ್ಲಿ ನಮ್ಮ ಭಾಗಕ್ಕೆ ಒಂದು ವಿಶೇಷ ತೊಡಕಿದೆ, ಅದನ್ನು ಯಾರೂ ಪಾಲಕರಿಗೆ ಬಿಡಿಸಿ ಹೇಳುವುದಿಲ್ಲ. ಮಗು ಆಡುವ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. ‘ಹಂಗಲ್ಲ, ಸರಿಯಾಗಿ ಹೇಳು’ ಎಂದು ತಿದ್ದುತ್ತ ಹೋದರೆ ಓದೆಂದರೆ ತನ್ನ ಮಾತು ತಪ್ಪೆಂದು ಕೇಳಿಸಿಕೊಳ್ಳುವ ಕೆಲಸ ಎಂದು ಮಗು ತಿಳಿಯುತ್ತದೆ. ಇದರ ಬದಲು ಎಳ್ಳಮಾವಾಸ್ಯೆಯ ಹಿಂದಿನ ಸಂಜೆ ಮಗುವಿನಿಂದ ಎರಡು ಮಾತು ಹೇಳಿಸಿ, ಹೇಳಿದ ಹಾಗೇ ದೊಡ್ಡ ಅಕ್ಷರದಲ್ಲಿ ಬರೆಯಿರಿ:

ನಾಳಿ ಹೊಲಕ್ಕ ಹೋಗ್ತೀವಿ. ಭಜ್ಜಿ ಉಣ್ತೀವಿ.

ತನ್ನದೇ ಮಾತಾದ್ದರಿಂದ ಮಗು ಇದನ್ನು ಬೆರಳಿಟ್ಟು ಓದುತ್ತದೆ. ನಾಲ್ಕೈದು ದಿನ ಓದಿದ ಮೇಲೆ ಕೆಳಗೆ ಪುಸ್ತಕದ ರೂಪ ಬರೆಯಿರಿ: ‘ನಾಳೆ ಹೊಲಕ್ಕೆ ಹೋಗುತ್ತೇವೆ. ಭಜ್ಜಿ ಉಣ್ಣುತ್ತೇವೆ.’ ಎಲ್ಲೆಲ್ಲಿ ಬೇರೆಯಾಗಿದೆ ಎಂದು ಗೆರೆ ಎಳೆಯಲು ಹೇಳಿ. ನಾಳಿ–ನಾಳೆ, ಹೊಲಕ್ಕ–ಹೊಲಕ್ಕೆ. ಪದದ ಕೊನೆಯ ‘ಎ’ ನಮ್ಮ ಮಾತಿನಲ್ಲಿ ‘ಅ’ ಇಲ್ಲವೇ ‘ಇ’ ಆಗುತ್ತದೆಂಬ ನಿಯಮವನ್ನು ಏಳೆಂಟು ವರ್ಷದ ಮಗು ಹತ್ತು ವಾಕ್ಯದೊಳಗೆ ಹಿಡಿದುಬಿಡುತ್ತದೆ. ಮುಂದೆ ಪಠ್ಯಪುಸ್ತಕ ಪರಭಾಷೆ ಅನ್ನಿಸುವುದಿಲ್ಲ. ಮನೆಯಲ್ಲಿ ದಖ್ಖನಿ, ಲಂಬಾಣಿ, ತೆಲುಗು ಆಡುವವರೂ ಮೊದಲ ಸಾಲನ್ನು ಆ ಭಾಷೆಯಲ್ಲೇ, ಕನ್ನಡ ಅಕ್ಷರದಲ್ಲಿ ಬರೆದು ಶುರು ಮಾಡಬಹುದು.

ಅಕ್ಷರವನ್ನು ಅ ಆ ಇ ಈ ಸಾಲಿನಲ್ಲೇ ಕಲಿಸಬೇಕೆಂದೇನಿಲ್ಲ. ರ, ಗ, ಸ, ದ, ಅ ಐದು ಬಂದರೆ ಸರ, ದರ, ಅರಸ, ಅಗಸ, ಗರಗಸ ಓದಲು ಬರುತ್ತದೆ, ಮೊದಲ ವಾರವೇ ಅರ್ಥವುಳ್ಳ ಪದ. ಓದಲು ಪುಸ್ತಕ ಸಾಲದಿದ್ದರೆ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಹಂತ ಹಂತವಾಗಿ ಉಚಿತವಾಗಿವೆ, ಸರ್ಕಾರಿ ಪಠ್ಯಪುಸ್ತಕಗಳೂ ಜಾಲದಲ್ಲಿ ಸಿಗುತ್ತವೆ.

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಪಾಠ ಬೇಡ, ಚರಗ (ಹೊಲಕ್ಕೆ ಅರ್ಪಿಸುವ ಎಡೆ) ಚೆಲ್ಲಿ ಉಂಡು ಆಡಲಿ. ಒಂದೇ ಕೆಲಸ ಕೊಡಿ: ಭಜ್ಜಿಗೆ ಬಿದ್ದ ಕಾಳು, ಸೊಪ್ಪು, ಕಾಯಿಗಳನ್ನು ಎಣಿಸಿಕೊಂಡು ಬರಲಿ. ಮರುದಿನ ಎಲೆ, ಕಾಯಿ, ಬೀಜ, ಗಡ್ಡೆ ಎಂದು ವಿಂಗಡಿಸಿದರೆ ಆಯಿತು.

ಚಳಿ ಇರುವಾಗಲೇ ಸೇಡಂ ಹತ್ತಿರದ ಮಳಖೇಡಕ್ಕೆ, ರಾಷ್ಟ್ರಕೂಟರ ಹಳೆಯ ರಾಜಧಾನಿಗೆ, ಹೋಗಿ ಬನ್ನಿ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಒಂಬತ್ತನೇ ಶತಮಾನದಲ್ಲಿ, ‘ಕವಿರಾಜಮಾರ್ಗ’ವೂ ಬಂತು, ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ವೂ ಬಂತು. ಎರಡನೆಯದರಲ್ಲಿ ಹಾರದಂಥ ಗುಣಾಕಾರಗಳಿವೆ, ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. ಕೋಟೆಯ ಕಲ್ಲಿನ ಮೇಲೆ ಕೂತು ಮಗು ಇದನ್ನು ಕೈಯಾರೆ ಗುಣಿಸಲಿ. ಒಂದು ಕಡೆ ಹಾಸಲು, ಅಂದರೆ ದಶಕ, ತಪ್ಪಿದರೂ ಹಾರ ಹರಿದದ್ದು ಕಣ್ಣಿಗೇ ಕಾಣುವುದರಿಂದ ತಿದ್ದಲು ನೀವು ಬೇಕಾಗುವುದಿಲ್ಲ.

ಕಾಗದಪತ್ರದ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರ ಮಕ್ಕಳದ್ದು, ಮನೆಪಾಠಕ್ಕೆ ಪ್ರತ್ಯೇಕ ನಿಯಮ ಅದರಲ್ಲಿಲ್ಲ. ಶಾಲೆಗೆ ಮರಳಬೇಕೆನಿಸಿದರೆ ಕಾಯ್ದೆಯ 4ನೇ ಕಲಂ ಮಗುವಿಗೆ ವಯಸ್ಸಿಗೆ ತಕ್ಕ ತರಗತಿಯಲ್ಲಿ ಪ್ರವೇಶ ಕೊಡಬೇಕೆನ್ನುತ್ತದೆ. ಹತ್ತನೆಯದಕ್ಕೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ದಾರಿ ಇದೆ, 14 ತುಂಬಿರಬೇಕು. ಜನನ ಪ್ರಮಾಣಪತ್ರ, ಆಧಾರ್, ಶಾಲೆ ಬಿಟ್ಟಿದ್ದರೆ ವರ್ಗಾವಣೆ ಪತ್ರ ಇವುಗಳಲ್ಲಿ ಮಗುವಿನ ಹೆಸರಿನ ಕಾಗುಣಿತ ಒಂದೇ ಇರುವಂತೆ ಈಗಲೇ ನೋಡಿಕೊಳ್ಳಿ. ದಿನಾಂಕ ಹಾಕಿದ ವಹಿಗಳನ್ನು ಎಸೆಯಬೇಡಿ, ಮಗು ಏನು ಕಲಿತಿದೆ ಎಂದು ಯಾರಾದರೂ ಕೇಳಿದರೆ ತೋರಿಸಲು ಅವೇ ಇರುವುದು.

ಮಾರ್ಚ್ ಕೊನೆಯಿಂದ ಹೊರಗಿನ ಕೆಲಸ ಬೆಳಿಗ್ಗೆ ಒಂಬತ್ತಕ್ಕೆ ಮುಗಿಯಲಿ. ಇದಕ್ಕೆ ಒಂದೇ ಒಂದು ವಿನಾಯಿತಿ ಮೇ ತಿಂಗಳ ಶೂನ್ಯ ನೆರಳಿನ ದಿನ. ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುವುದು ಯಾದಗಿರಿಗೆ ಮೇ 7ರ ಸುಮಾರಿಗೆ, ಕಲಬುರಗಿಗೆ 9ಕ್ಕೆ, ಬೀದರಿಗೆ 11ಕ್ಕೆ, ಮಧ್ಯಾಹ್ನ 12.15 ದಾಟಿದ ಮೇಲೆ. ಎರಡೂ ಬಾಯಿ ಸಮ ಕತ್ತರಿಸಿದ 30 ಸೆಂ.ಮೀ. ಪೈಪನ್ನು ಮಟ್ಟಸ ನೆಲದಲ್ಲಿ ನಿಲ್ಲಿಸಿ. ಪೈಪು ನೆಟ್ಟಗಿದೆಯೇ ಎಂದು ದಾರಕ್ಕೆ ಕಟ್ಟಿದ ಕಲ್ಲಿನಿಂದ ನೋಡಿ. ಒಂದು ಡಿಗ್ರಿ ವಾಲಿದರೂ ಅರ್ಧ ಸೆಂ.ಮೀ. ನೆರಳು ಉಳಿದು, ಇಡೀ ಪ್ರಯೋಗ ಸುಳ್ಳೆನಿಸುತ್ತದೆ. ಆ ದಿನ ಮೋಡವಿದ್ದರೆ ಮರುದಿನ ನೋಡಿ, ಒಂದು ದಿನಕ್ಕೆ ಆಗುವ ವ್ಯತ್ಯಾಸ ಒಂದೂವರೆ ಮಿ.ಮೀ. ಕೂಡ ಇಲ್ಲ. ಕಾಲಿಗೆ ಚಪ್ಪಲಿ, ತಲೆಗೆ ಬಟ್ಟೆ ಇರಲಿ, ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸಬೇಡಿ.

ಅದಕ್ಕೂ ಮೊದಲು ನಡುಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತಿತ್ತು. ವಾರ ಕಳೆದು ಅದೇ ಹೊತ್ತಿಗೆ ಮತ್ತೆ ನಿಲ್ಲಿಸಿದರೆ ದಕ್ಷಿಣಕ್ಕೆ ಇಣುಕಿರುತ್ತದೆ. ಮಗು ಅದನ್ನು ಗುರುತು ಹಾಕಿ ಬರೆಯುವ ಹೊತ್ತಿಗೆ ರೋಹಿಣಿ ಮಳೆಗೆ ಎರಡು ವಾರವೂ ಉಳಿದಿರುವುದಿಲ್ಲ. ಆಲಿಕೆಯಲ್ಲಿ ಕೂತ ಧೂಳು ತೊಳೆದು, ಬಾಟಲಿ ಸೋರುತ್ತದೆಯೇ ನೋಡಿ, ಹೊಸ ವಹಿಗೆ ನಕ್ಷತ್ರದ ಹೆಸರು ಬರೆಸಿಡಿ.