ಬಲಿಪೀಠದ ಮಾತು, ನ್ಯಾಯಪೀಠದ ತೀರ್ಪು

ಕಥೋಲಿಕ ಧರ್ಮಸಭೆಯ, ಎಂದರೆ ಚರ್ಚಿನ, ನ್ಯಾಯಮಂಡಳಿ 'ಈ ಮದುವೆ ಅಸಿಂಧು, ಮೊದಲಿಂದಲೂ ಮದುವೆಯೇ ಅಲ್ಲ' ಎಂದು ಬರೆದುಕೊಟ್ಟ ಕಾಗದವನ್ನಷ್ಟೇ ನಂಬಿ ಇನ್ನೊಂದು ಮದುವೆಯಾದರೆ ಭಾರತದಲ್ಲಿ ದ್ವಿವಿವಾಹದ ಮೊಕದ್ದಮೆ ಬೀಳಬಹುದು. ಶಿಕ್ಷೆ ಏಳು ವರ್ಷದವರೆಗೆ ಜೈಲು. ಇತ್ತ ಕೌಟುಂಬಿಕ ನ್ಯಾಯಾಲಯದ ವಿಚ್ಛೇದನದ ಡಿಕ್ರಿ ಹಿಡಿದು ಕಥೋಲಿಕ ಚರ್ಚಿಗೆ ಹೋದವರಿಗೆ, ಆ ಡಿಕ್ರಿಯೊಂದರ ಬಲದ ಮೇಲೆ ಅಲ್ಲಿ ಎರಡನೇ ಮದುವೆ ಆಗುವುದಿಲ್ಲ. ಎರಡೂ ಕಾಗದ ಸಾಚಾ. ಆದರೆ ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡದು. ನಂಬಿಕೆಯ ನೀತಿ ಬೇರೆ, ನಾಡಿನ ಕಾನೂನು ಬೇರೆ ಎನ್ನುವುದು ಬಾಯಲ್ಲಿ ಸುಲಭ. ಅವೆರಡೂ ಬೇರ್ಪಟ್ಟ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬೇಕಾದರೆ ಮದುವೆಗಿಂತ ಒಳ್ಳೆಯ ಜಾಗವಿಲ್ಲ.

ಮೂಲ ಬೋಧನೆ ಕೆಲವೇ ಸಾಲಿನದು. ಹೆಂಡತಿಯನ್ನು ಬಿಡುವುದು ಸರಿಯೇ ಎಂದು ಫರಿಸಾಯರೆಂಬ ಯೆಹೂದಿ ಧರ್ಮನಿಷ್ಠರು ಕೇಳಿದಾಗ ಯೇಸು, ತ್ಯಾಗಪತ್ರಕ್ಕೆ (ಹೆಂಡತಿಯನ್ನು ಬಿಡುವ ಚೀಟಿಗೆ) ಯೆಹೂದಿಗಳ ಶಾಸ್ತ್ರಕರ್ತ ಮೋಶೆ ಒಪ್ಪಿದ್ದು ನಿಮ್ಮ ಹೃದಯದ ಕಾಠಿಣ್ಯದಿಂದ, ಆದಿಯಲ್ಲಿ ಹಾಗಿರಲಿಲ್ಲ ಎನ್ನುತ್ತಾರೆ. ಬೈಬಲಿನ ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಇದಕ್ಕೆ ವಿನಾಯಿತಿಯೇ ಇಲ್ಲ. ಮತ್ತಾಯನ 19ನೇ ಅಧ್ಯಾಯದಲ್ಲಿ ಹಾದರದ ಕಾರಣವನ್ನು ಹೊರತುಪಡಿಸಿದ ಮಾತಿದೆ. ಆದಿ ಕ್ರೈಸ್ತ ಬೋಧಕ ಪೌಲ ಕೊರಿಂಥ ಪಟ್ಟಣದವರಿಗೆ ಬರೆದ ಮೊದಲ ಪತ್ರದಲ್ಲಿ, ಕ್ರಿಸ್ತನನ್ನು ನಂಬದ ಸಂಗಾತಿ ತಾನಾಗಿ ಬಿಟ್ಟುಹೋದರೆ ಉಳಿದವರು ಕಟ್ಟಿಗೆ ಒಳಗಾದವರಲ್ಲ ಎಂದಿದೆ. ಮುಂದಿನ ವಾದಗಳೆಲ್ಲ ಈ ಮೂರು ಜಾಗಗಳ ಸುತ್ತಲೇ ನಡೆದವು. ಆರ್ಥಡಾಕ್ಸ್ ಸಭೆಗಳು ಪ್ರಾಯಶ್ಚಿತ್ತದೊಂದಿಗೆ ಮರುಮದುವೆಗೆ ಅವಕಾಶ ಕೊಟ್ಟವು, ಪ್ರಾಟೆಸ್ಟಂಟರಲ್ಲಿ ಹೆಚ್ಚಿನವರು ಮತ್ತಾಯನ ವಿನಾಯಿತಿಯನ್ನು ವಿಚ್ಛೇದನದ ಅನುಮತಿಯೆಂದು ಓದಿದರು, ಕಥೋಲಿಕರು ಹಾಗೆ ಓದಲಿಲ್ಲ. ಒಂದು ಸಂಗತಿ ಮಾತ್ರ ಮರೆಯಬಾರದು: ಗಂಡ ಒಂದು ಚೀಟಿ ಬರೆದು ಹೆಂಡತಿಯನ್ನು ಹೊರಗೆ ಕಳಿಸಬಹುದಾಗಿದ್ದ ಸಮಾಜದಲ್ಲಿ ಹುಟ್ಟಿದ ಮಾತಿದು. ಅದರ ಮೊದಲ ಫಲ ಹೆಂಗಸಿಗೆ ಸಿಕ್ಕ ರಕ್ಷಣೆ.

ರಾಜರು ಕ್ರೈಸ್ತರಾದೊಡನೆ ಕಾನೂನೂ ಹಾಗೆಯೇ ಬದಲಾಯಿತು ಎಂದುಕೊಂಡರೆ ತಪ್ಪು. ಪೂರ್ವ ರೋಮನ್ ಚಕ್ರವರ್ತಿ ಜಸ್ಟಿನಿಯನ್ 542ರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನು ತಡೆದ. ಅವನ ನಂತರ ಬಂದ ಎರಡನೇ ಜಸ್ಟಿನ್ 566ರಲ್ಲಿ ಅದನ್ನು ಮರಳಿ ತಂದ. ಪಶ್ಚಿಮ ಯೂರೋಪಿನಲ್ಲಿ ಮದುವೆಯ ವ್ಯಾಜ್ಯಗಳೆಲ್ಲ ಧರ್ಮಸಭೆಯ ನ್ಯಾಯಾಲಯಗಳ ಕೈಗೆ ಪೂರ್ತಿಯಾಗಿ ಬಂದದ್ದು ಇನ್ನೂ ಐನೂರು ಆರುನೂರು ವರ್ಷ ಕಳೆದ ಮೇಲೆ. 12ನೇ ಶತಮಾನದಲ್ಲಿ ಒಂದು ತತ್ವ ಗಟ್ಟಿಯಾಯಿತು: ಮದುವೆಯನ್ನು ಮಾಡುವುದು ತಂದೆಯಲ್ಲ, ಒಡೆಯನಲ್ಲ, ಪಾದ್ರಿಯೂ ಅಲ್ಲ, ಗಂಡು ಹೆಣ್ಣಿನ ಒಪ್ಪಿಗೆ. ಆ ಕಾಲಕ್ಕೆ ಇದು ದೊಡ್ಡ ಮಾತು.

ತೊಡಕೂ ಅಲ್ಲಿಂದಲೇ ಹುಟ್ಟಿತು. ಬರೀ ಒಪ್ಪಿಗೆ ಸಾಕಾದರೆ ಸಾಕ್ಷಿಯಿಲ್ಲದೆ ಗುಟ್ಟಾಗಿ ಆಡಿದ ಮಾತೂ ಮದುವೆಯೇ. ಆಮೇಲೆ ಒಬ್ಬರು ಇಲ್ಲವೆಂದರೆ ರುಜುವಾತು ಎಲ್ಲಿಂದ ತರುವುದು? 1215ರಲ್ಲಿ ಕಥೋಲಿಕ ಬಿಷಪರ ನಾಲ್ಕನೇ ಲ್ಯಾಟರನ್ ಮಹಾಸಭೆ ಮದುವೆಯನ್ನು ಮುಂಚಿತವಾಗಿ ಚರ್ಚಿನಲ್ಲಿ ಘೋಷಿಸಬೇಕೆಂದಿತು. ಅದೂ ಸಾಲಲಿಲ್ಲ. 1563ರಲ್ಲಿ ಅಂಥದೇ ಟ್ರೆಂಟ್ ಮಹಾಸಭೆ ಧರ್ಮಕೇಂದ್ರದ (ಸ್ಥಳೀಯ ಚರ್ಚಿನ) ಗುರು ಮತ್ತು ಎರಡು ಮೂರು ಸಾಕ್ಷಿಗಳು ಇಲ್ಲದ ಮದುವೆ ಮದುವೆಯೇ ಅಲ್ಲ ಎಂದು ತೀರ್ಮಾನಿಸಿತು. ಇಂದಿಗೂ ಚರ್ಚಿನ ಮದುವೆ ರಿಜಿಸ್ಟರಿನಲ್ಲಿ ಇಬ್ಬರು ಸಾಕ್ಷಿಗಳ ಸಹಿಗೆ ಜಾಗವಿರುವುದರ ಹಿಂದೆ ಈ ಇತಿಹಾಸವಿದೆ.

ಅದೇ ಶತಮಾನದಲ್ಲಿ ಪ್ರಾಟೆಸ್ಟಂಟ್ ಸುಧಾರಕ ಲೂಥರ್ ಮದುವೆಯನ್ನು ಲೌಕಿಕ ವ್ಯವಹಾರವೆಂದು ಕರೆದು ಅದರ ಆಡಳಿತವನ್ನು ಅರಸರಿಗೆ ಬಿಟ್ಟರು. ಇನ್ನೊಬ್ಬ ಸುಧಾರಕ ಕ್ಯಾಲ್ವಿನರ ಜಿನೀವಾ ಹಾದರ ಮತ್ತು ಪರಿತ್ಯಾಗದ ಕಾರಣಕ್ಕೆ ವಿಚ್ಛೇದನ ಕೊಟ್ಟಿತು. ಎಂದರೆ ರಾಜ್ಯಕ್ಕೆ ಬಾಗಿಲು ತೆರೆದವರಲ್ಲಿ ಮೊದಲಿಗರು ಧರ್ಮದ ಒಳಗಿನವರೇ. 1792ರ ಫ್ರಾನ್ಸ್ ಇದನ್ನು ಕೊನೆಮುಟ್ಟಿಸಿ ಮದುವೆಯನ್ನು ನಾಗರಿಕ ಒಪ್ಪಂದವಾಗಿಸಿತು, ವಿಚ್ಛೇದನ ತಂದಿತು. 1816ರಲ್ಲಿ ವಿಚ್ಛೇದನ ರದ್ದಾಯಿತು, 1884ರಲ್ಲಿ ಮತ್ತೆ ಬಂತು. ಇಂಗ್ಲೆಂಡಿನಲ್ಲಿ 1857ರವರೆಗೆ ಪೂರ್ಣ ವಿಚ್ಛೇದನ ಬೇಕೆಂದರೆ ಪಾರ್ಲಿಮೆಂಟಿನಲ್ಲಿ ನಿಮ್ಮ ಹೆಸರಿನಲ್ಲೇ ಒಂದು ಖಾಸಗಿ ಕಾಯ್ದೆ ಪಾಸಾಗಬೇಕಿತ್ತು. ಹಣವಂತರಿಗಷ್ಟೇ ಎಟಕುವ ಮಾತು. 1857ರ ಕಾಯ್ದೆ ಅದನ್ನು ನ್ಯಾಯಾಲಯಕ್ಕೆ ತಂದಿತು. ಹನ್ನೆರಡು ವರ್ಷದ ನಂತರ ಅದರ ಅಚ್ಚಿನಲ್ಲೇ ಭಾರತದ ಕ್ರೈಸ್ತರಿಗಾಗಿ ಭಾರತೀಯ ವಿಚ್ಛೇದನ ಕಾಯ್ದೆ, 1869 ಬಂತು. ಮದುವೆಯ ವಿಧಿವಿಧಾನಕ್ಕೆ 1872ರಲ್ಲಿ ಇನ್ನೊಂದು ಕಾಯ್ದೆ.

1869ರ ಕಾಯ್ದೆಯ 10ನೇ ಕಲಮನ್ನು ನಿಧಾನವಾಗಿ ಓದಬೇಕು. ಗಂಡನಿಗೆ ಹೆಂಡತಿಯ ಹಾದರವೊಂದೇ ಸಾಕು. ಹೆಂಡತಿಗೆ ಸಾಲದು: ಗಂಡನ ಹಾದರದ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷದ ಪರಿತ್ಯಾಗವನ್ನೋ, ಇನ್ನೊಂದು ಮದುವೆಯನ್ನೋ ಅವಳು ರುಜುವಾತು ಮಾಡಬೇಕು, ಇಲ್ಲವೇ ಆ ಹಾದರ ರಕ್ತಸಂಬಂಧದೊಳಗಿನದಾಗಿರಬೇಕು. ದಿನವೂ ಹೊಡೆಯುವ, ಆದರೆ ಬೇರೆ ಹೆಣ್ಣಿನ ಸಹವಾಸವಿಲ್ಲದ ಗಂಡನಿಂದ ಅವಳಿಗೆ ಸಿಗುತ್ತಿದ್ದದ್ದು ನ್ಯಾಯಿಕ ಪ್ರತ್ಯೇಕತೆ ಮಾತ್ರ. ಬೇರೆ ಇರಬಹುದು, ಮದುವೆ ಮಾತ್ರ ಮುರಿಯದು. ಹೆಂಡತಿಯ ಪ್ರಿಯಕರನಿಂದ ಗಂಡ ನಷ್ಟಪರಿಹಾರ ವಸೂಲು ಮಾಡಬಹುದಿತ್ತು. ಮೊಕದ್ದಮೆ ನಡೆಯುವಾಗಿನ ಜೀವನಾಂಶಕ್ಕೆ ಗಂಡನ ಆದಾಯದ ಐದನೇ ಒಂದು ಭಾಗ ಮಿತಿ. ಜಿಲ್ಲಾ ನ್ಯಾಯಾಲಯ ಡಿಕ್ರಿ ಕೊಟ್ಟರೂ ಹೈಕೋರ್ಟು ಅದನ್ನು ಸ್ಥಿರೀಕರಿಸುವವರೆಗೆ ಕಾಯಬೇಕು.

ಇದು ಸುವಾರ್ತೆಯ ನೀತಿಯಲ್ಲ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಗಂಡಸರ ನೀತಿ. ಹೆಣ್ಣನ್ನು ಬೀದಿಗೆ ಬೀಳದಂತೆ ಕಾಪಾಡಲು ಹುಟ್ಟಿದ ಬೋಧನೆಯ ಹೆಸರಿನಲ್ಲಿ ಅದೇ ಹೆಣ್ಣನ್ನು ಕಟ್ಟಿಹಾಕಿದ ಕಾನೂನನ್ನು ಬಹಳ ಜನ ನಮ್ಮ ಧರ್ಮದ ಕಾನೂನೆಂದೇ ನಂಬಿದ್ದರು. ಇಂಗ್ಲೆಂಡ್ 1923ರಲ್ಲಿ ಗಂಡ ಹೆಂಡತಿಗೆ ಒಂದೇ ಅಳತೆ ತಂದಿತು, 1937ರಲ್ಲಿ ಕ್ರೌರ್ಯ, ಪರಿತ್ಯಾಗಗಳನ್ನೂ ಸೇರಿಸಿತು. ಭಾರತದ ಪ್ರತಿ ಹಾಗೆಯೇ ಉಳಿಯಿತು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನವಿತ್ತು, ಹಿಂದೂ ವಿವಾಹ ಕಾಯ್ದೆಗೆ ಅದು 1976ರಲ್ಲಿ ಸೇರಿತು. ಚರ್ಚಿನಲ್ಲಿ ಮದುವೆಯಾದವರಿಗೆ ಆ ದಾರಿ ಇರಲಿಲ್ಲ. ಹೀಗಾಗಿ ಬೇರೆಯಾಗಲೇಬೇಕಾದವರಿಗೆ ಒಬ್ಬರ ಮೇಲೊಬ್ಬರು ಹಾದರ ಹೊರಿಸುವುದೊಂದೇ ಮಾರ್ಗವಾಗುತ್ತಿತ್ತು. ಕಾನೂನೇ ಸುಳ್ಳಾಡಲು ದೂಡುವ ಸ್ಥಿತಿ.

ಕಾನೂನು ಆಯೋಗ 1960ರಷ್ಟು ಹಿಂದೆಯೇ ಬದಲಾವಣೆ ಸೂಚಿಸಿತ್ತು, 1983ರಲ್ಲಿ ಮತ್ತೆ ಸೂಚಿಸಿತು. ಸರ್ಕಾರಗಳು ಅಲ್ಪಸಂಖ್ಯಾತರ ವೈಯಕ್ತಿಕ ಕಾನೂನು ಮುಟ್ಟಲು ಹಿಂಜರಿದವು. ಕೊನೆಗೆ 1995ರಲ್ಲಿ ಕೇರಳ ಹೈಕೋರ್ಟು, ಹೆಂಡತಿ ಮಾತ್ರ ಹಾದರದ ಜೊತೆಗೆ ಇನ್ನೊಂದನ್ನು ರುಜುವಾತು ಮಾಡಬೇಕೆಂಬ ಭಾಗ ಸಂವಿಧಾನಕ್ಕೆ ವಿರುದ್ಧವೆಂದು ಹೊಡೆದುಹಾಕಿತು. ಸಂಸತ್ತು ಎಚ್ಚೆತ್ತದ್ದು 2001ರಲ್ಲಿ. ಆ ವರ್ಷದ ಅಕ್ಟೋಬರ್ 3ರಿಂದ ಜಾರಿಗೆ ಬಂದ ತಿದ್ದುಪಡಿ ಕ್ರೌರ್ಯ, ಎರಡು ವರ್ಷದ ಪರಿತ್ಯಾಗ, ಏಳು ವರ್ಷ ಸುಳಿವಿಲ್ಲದಿರುವುದು ಮೊದಲಾದ ಕಾರಣಗಳನ್ನು ಇಬ್ಬರಿಗೂ ಸಮಾನವಾಗಿ ಕೊಟ್ಟಿತು. ನಷ್ಟಪರಿಹಾರದ ಕಲಮು, ಐದನೇ ಒಂದು ಭಾಗದ ಮಿತಿ, ಹೈಕೋರ್ಟಿನ ಸ್ಥಿರೀಕರಣ ಎಲ್ಲ ಹೋದವು. 10ಎ ಕಲಮಿನ ಮೂಲಕ ಪರಸ್ಪರ ಒಪ್ಪಿಗೆಯ ವಿಚ್ಛೇದನ ಬಂತು.

ಈ 10ಎ ಕಲಮಿನಲ್ಲಿ ಎಡವುವವರು ಹೆಚ್ಚು. ಕಾಯ್ದೆಯ ಪಠ್ಯ ಕೇಳುವುದು ಎರಡು ವರ್ಷದ ಪ್ರತ್ಯೇಕ ವಾಸ. ಬೇರೆ ಕಾಯ್ದೆಗಳಲ್ಲಿ ಇರುವುದು ಒಂದೇ ವರ್ಷ. ಈ ತಾರತಮ್ಯ ಸಲ್ಲದೆಂದು 2010ರಲ್ಲಿ ಕೇರಳ ಹೈಕೋರ್ಟು, 2014ರಲ್ಲಿ ಕರ್ನಾಟಕ ಹೈಕೋರ್ಟು ಎರಡನ್ನು ಒಂದು ಎಂದು ಓದಬೇಕೆಂದು ಹೇಳಿದವು. ಅಚ್ಚಾದ ಪುಸ್ತಕ ನೋಡಿ ಎರಡು ವರ್ಷ ಕಾಯುತ್ತ ಕೂರುವವರು ಇದನ್ನು ತಿಳಿದಿರಬೇಕು. ಅರ್ಜಿ ಹಾಕಿದ ದಿನದಿಂದ ಆರು ತಿಂಗಳ ನಂತರ, ಹದಿನೆಂಟು ತಿಂಗಳ ಒಳಗೆ ಇಬ್ಬರೂ ಮತ್ತೆ ನ್ಯಾಯಾಲಯದ ಮುಂದೆ ಬಂದು ಒಪ್ಪಿಗೆ ಹೇಳಬೇಕು. ಆ ನಡುವೆ ಒಬ್ಬರು ಹಿಂದೆ ಸರಿದರೆ ಒಪ್ಪಿಗೆಯ ದಾರಿ ಮುಚ್ಚುತ್ತದೆ. ಡಿಕ್ರಿ ಬಂದ ಮೇಲೂ ಮೇಲ್ಮನವಿಯ ಅವಧಿ ಮುಗಿಯುವ ಮುನ್ನ ಮರುಮದುವೆ ಕೂಡದು.

ಧರ್ಮಸಭೆಯ ನ್ಯಾಯಮಂಡಳಿ ಕೇಳುವ ಪ್ರಶ್ನೆಯೇ ಬೇರೆ. ಈ ಮದುವೆ ಮುರಿದಿದೆಯೇ ಎಂದಲ್ಲ; ಮದುವೆಯ ದಿನ ನಿಜವಾದ ಒಪ್ಪಿಗೆ ಇತ್ತೇ ಎಂದು. 1983ರ ಧರ್ಮಸಭೆಯ ಕಾನೂನು ಸಂಹಿತೆ ಅಂಥ ದೋಷಗಳನ್ನು ಹೆಸರಿಸುತ್ತದೆ: ಬಲವಂತ ಮತ್ತು ಭಯ, ಗಂಭೀರ ವಿಷಯದಲ್ಲಿ ಮೋಸ, ಮಕ್ಕಳೇ ಬೇಡವೆಂದು ಒಳಗೊಳಗೇ ನಿರ್ಧರಿಸಿ ಪ್ರತಿಜ್ಞೆ ಮಾಡಿದ್ದು, ಮದುವೆಯ ಹೊಣೆ ಹೊರಲಾರದ ಮಾನಸಿಕ ಅಸಾಮರ್ಥ್ಯ. ಅರ್ಜಿಗಳು ಸೋಲುವುದು ಸಾಮಾನ್ಯವಾಗಿ ಇಲ್ಲೇ. ಮದುವೆಯಾದ ಹತ್ತು ವರ್ಷದ ಜಗಳವನ್ನು ಪುಟಗಟ್ಟಲೆ ಬರೆದು, ಮದುವೆಗೆ ಮುಂಚಿನ ಹತ್ತು ದಿನದ ಬಗ್ಗೆ ಒಂದು ಸಾಲೂ ಬರೆದಿರುವುದಿಲ್ಲ. ಆ ದಿನಗಳನ್ನು ಕಂಡ ಸಾಕ್ಷಿಗಳು, ಆಗಿನ ಪತ್ರಗಳು, ವೈದ್ಯಕೀಯ ದಾಖಲೆಗಳು ಮುಖ್ಯ. ವಿಚಾರಣೆಯಲ್ಲಿ ಮದುವೆಯ ಪರವಾಗಿ ವಾದಿಸಲೆಂದೇ 'ವಿವಾಹಬಂಧದ ರಕ್ಷಕ' ಎಂಬ ಅಧಿಕಾರಿ ಇರುತ್ತಾರೆ. 1741ರಿಂದ ಎರಡು ಹಂತದ ನ್ಯಾಯಮಂಡಳಿಗಳು ಒಂದೇ ತೀರ್ಪು ಕೊಡಬೇಕೆಂಬ ನಿಯಮವಿತ್ತು. ಪೋಪ್ ಫ್ರಾನ್ಸಿಸ್ 2015ರ ಡಿಸೆಂಬರ್ 8ರಿಂದ ಅದನ್ನು ಕೈಬಿಟ್ಟು, ಇಬ್ಬರೂ ಒಪ್ಪಿದ ಮತ್ತು ಸಾಕ್ಷ್ಯ ಸ್ಪಷ್ಟವಾಗಿರುವ ಪ್ರಕರಣಗಳನ್ನು ಬಿಷಪರೇ ತೀರ್ಮಾನಿಸುವ ಚಿಕ್ಕ ದಾರಿ ತೆರೆದರು.

ಎರಡು ಭಯಗಳು ವಿನಾಕಾರಣ ಜನರನ್ನು ಕಾಡುತ್ತವೆ. ಮದುವೆ ಅಸಿಂಧುವಾದರೆ ಮಕ್ಕಳು ಅಕ್ರಮವಾಗುತ್ತಾರೆ ಎಂಬುದು ಒಂದು. ಹಾಗಿಲ್ಲ, ಕನಿಷ್ಠ ಒಬ್ಬರು ಸದ್ಭಾವದಿಂದ ಮಾಡಿಕೊಂಡ ಮದುವೆಯ ಮಕ್ಕಳನ್ನು ಸಂಹಿತೆ ಸಕ್ರಮವೆಂದೇ ಎಣಿಸುತ್ತದೆ. ನಾಗರಿಕ ವಿಚ್ಛೇದನ ಪಡೆದವರು ಪರಮಪ್ರಸಾದ (ಚರ್ಚಿನ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸುವಂತಿಲ್ಲ ಎಂಬುದು ಇನ್ನೊಂದು; ಮರುಮದುವೆಯಾಗದ ವಿಚ್ಛೇದಿತರಿಗೆ ಅಂಥ ನಿಷೇಧವಿಲ್ಲ. ಹೊಡೆತ ತಿಂದು ಹೊರಬಂದವರು ಇದನ್ನು ತಿಳಿಯದೆ ವರ್ಷಗಟ್ಟಲೆ ಕೊನೆಯ ಬೆಂಚಿನಲ್ಲಿ ಕೂರುವುದು ನೋವಿನ ಸಂಗತಿ.

ಈ ಮಂಡಳಿಗಳ ತೀರ್ಪಿಗೆ ನ್ಯಾಯಾಲಯದ ಬಲ ಬೇಕೆಂದು ದಕ್ಷಿಣ ಕನ್ನಡದ ಕಥೋಲಿಕ ಸಂಘಟನೆಯೊಂದರ ಮಾಜಿ ಅಧ್ಯಕ್ಷರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. 1996ರ ಪ್ರಕರಣವೊಂದರಲ್ಲೇ ಕೋರ್ಟು ಹೇಳಿತ್ತು: ಕಾಯ್ದೆ ಜಾರಿಯಲ್ಲಿರುವಾಗ ಮದುವೆ ರದ್ದುಮಾಡುವ ಅಧಿಕಾರ ಅದು ಹೆಸರಿಸಿದ ನ್ಯಾಯಾಲಯಕ್ಕೆ ಮಾತ್ರ. ಹಾಗಾಗಿ ಚರ್ಚಿನಲ್ಲಿ ಮರುಮದುವೆ ಬಯಸುವ ಕಥೋಲಿಕರಿಗೆ ಎರಡೂ ಕಾಗದ ಬೇಕು. ಪ್ರಾಟೆಸ್ಟಂಟ್ ಸಭೆಗಳಲ್ಲಿ ಡಿಕ್ರಿ ಕಡ್ಡಾಯ. ಉಳಿದದ್ದು ಆಯಾ ಸಭೆಯ ನಿಯಮ.

ಬೇರೆಡೆಯೂ ಹಾದಿ ಹೀಗೇ ಸಾಗಿತು. ಇಟಲಿಯಲ್ಲಿ 1970ರಲ್ಲಿ ವಿಚ್ಛೇದನ ಬಂತು, 1974ರ ಜನಮತಗಣನೆ ಅದನ್ನು ಉಳಿಸಿತು. ಐರ್ಲೆಂಡಿನ ಸಂವಿಧಾನವೇ ತಡೆದಿತ್ತು. 1986ರಲ್ಲಿ ಜನ ಬೇಡವೆಂದರು, 1995ರಲ್ಲಿ ಶೇ. 50.28ರ ಕೂದಲೆಳೆಯ ಅಂತರದಲ್ಲಿ ಬೇಕೆಂದರು. ಮಾಲ್ಟಾ 2011ರಲ್ಲಿ. ಕಾನೂನಿನ ಕಾವಲು ತೆಗೆದ ಮೇಲೆ ಬೋಧನೆ ಸುಳ್ಳಾಗಲಿಲ್ಲ, ಆದರೆ ಅದನ್ನು ಹೊರುವ ಕೆಲಸ ಪೊಲೀಸರಿಂದ, ನ್ಯಾಯಾಧೀಶರಿಂದ ಸರಿದು ಧರ್ಮಕೇಂದ್ರದ ಹೆಗಲಿಗೆ ಬಂತು. ಆ ಕೆಲಸದ ಬಹುಪಾಲು ಮದುವೆಗೆ ಮುಂಚೆಯೇ ಆಗಬೇಕು. ವಿವಾಹ ಸಿದ್ಧತೆಯ ಶಿಬಿರಗಳನ್ನು ಒಂದು ಸರ್ಟಿಫಿಕೇಟಿನ ಮಟ್ಟಕ್ಕೆ ಇಳಿಸಿದರೆ ಅದು ಆಗದು. ಅದಕ್ಕಿಂತ ಮುಖ್ಯ, ಮದುವೆಗೆ ಮೊದಲು ಗುರುಗಳು ವಧುವರರನ್ನು ಬೇರೆ ಬೇರೆಯಾಗಿ ಕೂರಿಸಿ ಮಾಡುವ ವಿಚಾರಣೆ. ನಿಮ್ಮನ್ನು ಯಾರಾದರೂ ಒತ್ತಾಯಿಸಿದ್ದಾರೆಯೇ? ಅವರಿಂದ ಏನನ್ನಾದರೂ ಮುಚ್ಚಿಟ್ಟಿದ್ದೀರಾ? ಮದುವೆಯ ಹಾಲ್ ಗೊತ್ತಾಗಿ, ಕಾರ್ಡು ಹಂಚಿಯಾದ ಮೇಲೆ, ತಾಯಿ ತಂದೆ ಹೊರಗೆ ಕಾಯುತ್ತಿರುವಾಗ, ಹತ್ತು ನಿಮಿಷದಲ್ಲಿ ಈ ಪ್ರಶ್ನೆ ಕೇಳಿದರೆ ಉತ್ತರ ಗೊತ್ತೇ ಇದೆ. ಕಾರ್ಡು ಅಚ್ಚಿಗೆ ಹೋಗುವ ಮೊದಲು ಕೇಳಬೇಕು.