ಮಸಿಬಟ್ಟೆಯೊಳಗಿನ ಬೆಳ್ಳಿಹಾಳೆ

ಜಯನಗರದಲ್ಲಿ ನಾನು ನಡೆಸುವ ಹೊಲಿಗೆ ತರಗತಿಗೆ ಹೊಸದಾಗಿ ಸೇರಿದವರು ಸಾಮಾನ್ಯವಾಗಿ ಮೊದಲು ಹೊಲಿಯಬಯಸುವುದು ಬಿಸಿ ಪಾತ್ರೆ ಹಿಡಿಯುವ, ಪದರಗಳನ್ನು ಸೇರಿಸಿ ಹೊಲಿದ ಕ್ವಿಲ್ಟ್ ಮಸಿಬಟ್ಟೆಯನ್ನು. ಅಂಚು ಕಟ್ಟುವುದು, ಮೂಲೆ ಮಡಚುವುದು ಅವರಿಗೆ ಬೇಗ ಒಲಿಯುತ್ತವೆ; ಅವುಗಳ ಬಗ್ಗೆ ಇಲ್ಲಿ ಬರೆಯಬೇಕಾದ್ದಿಲ್ಲ. ಒಳಗೊಂದು ಬೆಳ್ಳಿಬಣ್ಣದ ಹೊಳೆಯುವ ಹಾಳೆ ಇಟ್ಟುಬಿಟ್ಟರೆ ಬಿಸಿ ಕೈಗೆ ತಟ್ಟುವುದೇ ಇಲ್ಲ ಎಂಬ ನಂಬಿಕೆಯನ್ನು ಮಾತ್ರ ಎಷ್ಟು ಹೇಳಿದರೂ ಬಿಡಿಸಲಾಗುತ್ತಿಲ್ಲ.

ಕಳೆದ ಮಳೆಗಾಲದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮಸಿಬಟ್ಟೆಯನ್ನು ಮರಳಿ ತಂದರು. ಕಬ್ಬಿಣದ ದೋಸೆ ಹೆಂಚನ್ನು ಎತ್ತುವಾಗ ಅವರ ಎರಡು ಬೆರಳು ಸುಟ್ಟು ಬೊಬ್ಬೆ ಎದ್ದಿತ್ತು. "ಸಿಲ್ವರ್ ಶೀಟ್ ಹಾಕಿದ್ದೆನಲ್ಲ ಮೇಡಂ, ಆದರೂ ಯಾಕೆ ಹೀಗಾಯಿತು?" ಎಂದು ಕೇಳಿದರು. ಹೊಲಿಗೆ ಬಿಚ್ಚಿ ನೋಡಿದರೆ ಹೊಳೆಯುವ ಹಾಳೆಯೇನೋ ಇತ್ತು. ಅದರ ಜೊತೆಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರಿನ ಒಂದು ಪದರವೂ ಇತ್ತು. ಹೆಂಚು ತಗುಲಿದ ಜಾಗದಲ್ಲಿ ಆ ಪದರ ಕರಗಿ, ಸೀದ ಹಪ್ಪಳದಂತೆ ಕಂದಾಗಿ ಗಟ್ಟಿಕಟ್ಟಿತ್ತು. ಅಷ್ಟು ಅಚ್ಚುಕಟ್ಟಾದ ಅಂಚು ಕಟ್ಟಿದ್ದ ಕೈಗೆ ಹೀಗಾಯಿತಲ್ಲ ಎಂದು ನನಗೆ ಬಹಳ ಸಂಕಟವಾಯಿತು.

ಹೊಳೆಯುವ ಹಾಳೆ ತಡೆಯುವುದು ಕಿರಣಗಳ ರೂಪದಲ್ಲಿ ಬರುವ ಶಾಖವನ್ನು. ಕೆಂಡದ ಮುಂದೆ ಕೂತಾಗ ಮುಖಕ್ಕೆ ಬಡಿಯುತ್ತದಲ್ಲ, ಆ ಬಗೆಯ ಬಿಸಿಯನ್ನು ಅದು ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ. ಆದರೆ ಹಾಗೆ ಕಳಿಸಬೇಕಾದರೆ ಅದರ ಮುಂದೆ ಸ್ವಲ್ಪ ತೆರಪು ಇರಬೇಕು. ಪಾತ್ರೆಯನ್ನು ಬಿಗಿಯಾಗಿ ಹಿಡಿದಾಗ ತೆರಪೆಲ್ಲಿ? ಆಗ ಬಿಸಿ ಲೋಹದಿಂದ ಬಟ್ಟೆಗೆ, ಬಟ್ಟೆಯಿಂದ ಹಾಳೆಗೆ, ಹಾಳೆಯಿಂದ ಚರ್ಮಕ್ಕೆ ಮುಟ್ಟಿಮುಟ್ಟಿಯೇ ದಾಟುತ್ತದೆ. ನಮ್ಮ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ ಉಪಗ್ರಹಗಳ ಚಿತ್ರಗಳಲ್ಲಿ ಬಂಗಾರದ ಬಣ್ಣದ ಹೊದಿಕೆಯನ್ನು ನೀವು ನೋಡಿರುತ್ತೀರಿ. ಅಂಥ ಹೊದಿಕೆ ಕೆಲಸ ಮಾಡುವುದು ಗಾಳಿಯೇ ಇಲ್ಲದ ಕಡೆ, ಮತ್ತು ಅಲ್ಲಿಯೂ ಹಾಳೆ ಹಾಳೆಗೆ ಅಂಟದಿರಲೆಂದು ಸಾಮಾನ್ಯವಾಗಿ ನಡುವೆ ತೆಳುವಾದ ಬಲೆ ಇಟ್ಟಿರುತ್ತಾರೆ. ಅಡುಗೆಮನೆಯಲ್ಲಿ ನಾವು ಹಾಳೆಯನ್ನು ಹೆಂಚಿಗೆ ಒತ್ತಿ ಹಿಡಿದು, ಅದರಿಂದ ಅದೇ ಕೆಲಸವನ್ನು ಬಯಸುತ್ತೇವೆ.

ಕೈಯನ್ನು ನಿಜವಾಗಿ ಕಾಯುವುದು ನೂಲಿನ ನಡುವೆ ಸಿಕ್ಕಿಕೊಂಡ ಗಾಳಿ. ಅಲುಗಾಡದ ಗಾಳಿಯಷ್ಟು ನಿಧಾನವಾಗಿ ಬಿಸಿಯನ್ನು ಸಾಗಿಸುವ ವಸ್ತು ಮನೆಯಲ್ಲಿ ಬೇರೊಂದಿಲ್ಲ ಎಂದರೂ ನಡೆಯುತ್ತದೆ. ಆದ್ದರಿಂದ ಆ ಗಾಳಿಯನ್ನು ಹಿಡಿದಿಡುವ ಪದರ ಒತ್ತಿದರೂ ಪೂರ್ತಿ ಚಪ್ಪಟೆಯಾಗಬಾರದು, ಕಾದರೂ ಕರಗಬಾರದು. ಹತ್ತಿ ಕರಗುವುದಿಲ್ಲ, ಸೀಯುತ್ತದೆ. ಸೀದ ವಾಸನೆ ಬಂದಾಗ ಕೈ ಬಿಡಲು ನಿಮಗೆ ಒಂದು ಕ್ಷಣವಾದರೂ ಸಿಗುತ್ತದೆ. ಪಾಲಿಯೆಸ್ಟರ್ ಸುಮಾರು 250ರಿಂದ 260 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗುತ್ತದೆ, ಕರಗಿದ್ದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕುದಿಯುವ ಸಾರಿನ ಪಾತ್ರೆ 100 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಕೂಗುತ್ತಿರುವ ಕುಕ್ಕರ್ ಸುಮಾರು 120ರಲ್ಲಿರುತ್ತದೆ. ಇವೆರಡಕ್ಕೂ ಸುಮ್ಮನಿದ್ದ ಪಾಲಿಯೆಸ್ಟರ್, ದೊಡ್ಡ ಉರಿಯಲ್ಲಿ ಬರಿದೇ ಕಾದ ಕಬ್ಬಿಣದ ಹೆಂಚಿನ ಮುಂದೆ ಕೈಕೊಡುತ್ತದೆ. ಪಾರ್ಸೆಲ್ ಡಬ್ಬಿಗಳಲ್ಲಿ ಬರುವ ಬಿಳಿ ಪಾಲಿಥಿನ್ ಫೋಮ್ ಅನ್ನು ತಂದು ತೋರಿಸುವವರೂ ಇದ್ದಾರೆ. ಅದಂತೂ ಕುಕ್ಕರಿನ ಬಿಸಿಗೇ ಕರಗಲು ಶುರುವಾಗುತ್ತದೆ. ದಯವಿಟ್ಟು ಅದನ್ನು ಮಸಿಬಟ್ಟೆಗೆ ಹಾಕಬೇಡಿ.

ಚಿಕ್ಕಪೇಟೆಯಲ್ಲಿ "ಕಾಟನ್ ಕೊಡಿ" ಎಂದರೆ ಕೆಲವೊಮ್ಮೆ ಮಿಶ್ರಣವನ್ನೇ ಕಟ್ಟಿಕೊಡುತ್ತಾರೆ. ಅನುಮಾನವಿದ್ದರೆ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆ ಇಟ್ಟುಕೊಂಡು, ಬೆಂಕಿಕಡ್ಡಿ ತಾಗಿಸಿ. ಹತ್ತಿ ಕಾಗದದ ವಾಸನೆಯಲ್ಲಿ ಉರಿದು ಹುಡಿಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿಕೊಂಡು ಗಟ್ಟಿ ಮಣಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟಂತೆ ನಾರಿ, ಸಾಮಾನ್ಯವಾಗಿ ತಾನೇ ಆರಿಹೋಗುತ್ತದೆ. ಈ ಕೆಲಸಕ್ಕೆ ಉಣ್ಣೆ ಬಹಳ ಒಳ್ಳೆಯದು. ಹಳೆಯ ಅಪ್ಪಟ ಉಣ್ಣೆಯ ಕಂಬಳಿಯ ತುಂಡಿದ್ದರೆ ಎಸೆಯಬೇಡಿ.

ಧಾರವಾಡದಿಂದ ಬಂದು ಇಲ್ಲಿ ನೆಲೆಸಿದ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಇದನ್ನು ಕಲಿಸಬೇಕಾಗಲೇ ಇಲ್ಲ. ಅವಳ ಅಜ್ಜಿ ಕೌದಿ ಹೊಲಿಯುತ್ತಿದ್ದರಂತೆ. ಅದೇ ರೂಢಿಯಲ್ಲಿ ಅವಳು ಹಳೆಯ ಹತ್ತಿ ಸೀರೆಯ ಎಂಟು ಪದರಗಳನ್ನು ಒಂದರ ಮೇಲೊಂದು ಹಾಸಿ, ನಡುವೆ ಟರ್ಕಿ ಟವೆಲಿನ ಎರಡು ತುಂಡು ಸೇರಿಸಿದಳು. ಟವೆಲಿನ ಕುಣಿಕೆಗಳು ಗಾಳಿಯನ್ನು ಚೆನ್ನಾಗಿ ಹಿಡಿದಿಡುತ್ತವೆ. ನಾನು ಅವಳಿಗೆ ಹೇಳಿದ್ದು ಮೂರೇ ಮಾತು: ಕತ್ತರಿಸುವ ಮೊದಲು ಎಲ್ಲವನ್ನೂ ಒಗೆದು ಕುಗ್ಗಿಸಿಕೊಳ್ಳುವುದು, ಪಾಲಿಯೆಸ್ಟರ್ ದಾರದ ಬದಲು ಹತ್ತಿ ದಾರ ಬಳಸುವುದು, ಹೊಲಿಗೆಯ ಸಾಲುಗಳನ್ನು ಕೌದಿಯಷ್ಟು ಒತ್ತೊತ್ತಾಗಿ ಹಾಕದಿರುವುದು. ಸಾಲು ಒತ್ತಾದಷ್ಟೂ ಪದರಗಳು ಅದುಮಿಕೊಂಡು ಗಾಳಿ ಹೊರಹೋಗುತ್ತದೆ.

ಹೊಳೆಯುವ ಹಾಳೆಯನ್ನು ಬಿಟ್ಟೇಬಿಡಿ ಎಂದು ನಾನು ಹೇಳುತ್ತಿಲ್ಲ. ಕ್ವಿಲ್ಟಿಗೆಂದೇ ಸಿಗುವ, ನಾರಿನೊಂದಿಗೆ ಸೂಜಿಯಿಂದ ಬೆಸೆದ ಬಗೆಯದಾದರೆ ಅದರ ಎರಡೂ ಬದಿಗೆ ಒಂದೊಂದು ಹತ್ತಿ ಪದರ ಇಟ್ಟು ಬಳಸಬಹುದು. ಆದರೆ ಅದರಲ್ಲಿಯೂ ಪಾಲಿಯೆಸ್ಟರ್ ಇರುತ್ತದೆ, ಲೋಹವೂ ಇರುತ್ತದೆ, ಹಾಗಾಗಿ ಅಂಥ ಬಟ್ಟೆಯನ್ನು ಮೈಕ್ರೋವೇವ್ ಒಳಗೆ ಇಡಬಾರದು. ದಪ್ಪ ಎಷ್ಟಿರಬೇಕೆಂಬುದು ನಿಮ್ಮ ಪಾತ್ರೆ, ಉರಿ, ಹಿಡಿಯುವ ಹೊತ್ತು ಇವನ್ನು ಅವಲಂಬಿಸಿದೆ. ಮೊದಲ ಸಲ ಬಿಸಿನೀರಿನ ಪಾತ್ರೆಯನ್ನು ಹಿಡಿದು ನೋಡಿ, ಹೆಂಚಿನ ಸರದಿ ಆಮೇಲೆ ಬರಲಿ.

ಎಷ್ಟೇ ಒಳ್ಳೆಯ ಮಸಿಬಟ್ಟೆಯೂ ಒದ್ದೆಯಾದರೆ ಕೆಲಸಕ್ಕೆ ಬಾರದು. ಗಾಳಿ ಇದ್ದ ಜಾಗದಲ್ಲಿ ನೀರು ತುಂಬುತ್ತದೆ, ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ಬಿಸಿಯನ್ನು ದಾಟಿಸುತ್ತದೆ, ಹೆಂಚು ತಗುಲಿದೊಡನೆ ಆವಿಯೂ ಆಗುತ್ತದೆ. ಆ ಶಿಕ್ಷಕಿಯವರು ಈಗ ಹಳೆಯ ಪಂಚೆಯಿಂದ ಎರಡು ಹೊಸ ಮಸಿಬಟ್ಟೆ ಹೊಲಿದುಕೊಂಡಿದ್ದಾರೆ. ಒಂದು ಬಿಸಿಲಲ್ಲಿ ಒಣಗುವಾಗ ಇನ್ನೊಂದು ಸಿಂಕಿನಿಂದ ದೂರದ ಮೊಳೆಯಲ್ಲಿ ತೂಗುತ್ತಿರುತ್ತದೆ.